ಗಾಜಿನ ಹಿಂದೆ ಮೂಡುವ ತೋಪು

ಕಾಗದದ ಮೇಲೆ ಬಯಲಿನ ಚಿತ್ರ ಬರೆಯುವವರು ಸಾಮಾನ್ಯವಾಗಿ ಆಕಾಶದಿಂದ ಶುರುಮಾಡುತ್ತಾರೆ. ಗಾಜಿನ ಹಿಂಬದಿಗೆ ಬರೆಯುವವರಿಗೆ ಆಕಾಶವೇ ಕೊನೆ.

ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನ ತೋಪೊಂದನ್ನು ಗಾಜಿಗೆ ಇಳಿಸುವುದಾದರೆ, ಮೊದಲು ಬರಬೇಕಾದದ್ದು ಎಲೆಯ ಮೇಲಿನ ಬಿಸಿಲ ಹೊಳಪು, ಹಣ್ಣಿನ ಕೆನ್ನೆಯ ಕೆಂಪು. ಆಮೇಲೆ ಎಲೆಯ ಹಸಿರು, ಕೊಂಬೆ, ಕೆಮ್ಮಣ್ಣು, ದೂರದ ಗುಡ್ಡ. ಎಲ್ಲದರ ಬೆನ್ನಿಗೆ ನೀಲಿ. ಬಣ್ಣವಿಲ್ಲದ ಬದಿಯಿಂದ ನೋಡುವುದರಿಂದ ಎಡ ಬಲವಾಗುತ್ತದೆ. ಅಕ್ಷರಗಳನ್ನೂ ತಿರುಗಿಸಿಯೇ ಬರೆಯಬೇಕು. ಮೊದಲ ಗೆರೆ ತಪ್ಪಿದರೆ ಅದರ ಮೇಲೆ ಬಣ್ಣ ಬಳಿದು ಮುಚ್ಚುವಂತಿಲ್ಲ. ಇಡೀ ಚಿತ್ರವನ್ನು ಮನಸ್ಸಿನಲ್ಲಿ ಮುಗಿಸಿಕೊಂಡೇ ಕುಂಚ ಹಿಡಿಯಬೇಕಾದ ಕೆಲಸವಿದು.

18ನೇ ಶತಮಾನದ ಉತ್ತರಾರ್ಧದಲ್ಲಿ ಚೀನಾದ ಕ್ಯಾಂಟನ್ ವ್ಯಾಪಾರದೊಂದಿಗೆ ಭಾರತಕ್ಕೆ ಬಂದ ಈ ಕಲೆ, 19ನೇ ಶತಮಾನದ ಮೈಸೂರಿನಲ್ಲಿ ಚೆನ್ನಾಗಿ ಬೇರೂರಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಚಿತ್ರಗಳೂ ಗಾಜಿನ ಮೇಲೆ ಮೂಡಿದವು. ದೇವರು, ದೊರೆಗಳೇ ಇಲ್ಲಿ ಮುಖ್ಯ; ಮರ, ಮೋಡಗಳಿಗೆ ಹಿನ್ನೆಲೆಯ ಜಾಗ. ಅತ್ತ ಜರ್ಮನಿಯ ಮುರ್ನೌ ಊರಿನಲ್ಲಿ ಇದೇ ಬಗೆಯ ಜನಪದ ಚಿತ್ರಗಳನ್ನು ಕಂಡ ಚಿತ್ರಕಾರ ಕಾಂಡಿನ್‌ಸ್ಕಿ, 1909ರ ಸುಮಾರಿಗೆ ತಾವೂ ಗಾಜು ಕೈಗೆತ್ತಿಕೊಂಡರು.

ಅಗ್ಗದ ಅಚ್ಚಿನ ಪಟಗಳು ಬಂದ ಮೇಲೆ ಗಾಜಿನ ಚಿತ್ರಗಳ ಬೇಡಿಕೆ ಕುಗ್ಗಿತು.

ಗಾಜು ಬಣ್ಣವನ್ನು ಹೀರಿಕೊಳ್ಳುವುದಿಲ್ಲ. ತೇವ ತಗುಲಿದರೆ ಬಣ್ಣ ಹಕ್ಕಳೆಯಾಗಿ ಉದುರುತ್ತದೆ. ನಿಮ್ಮ ಮನೆಯ ದೇವರ ಕೋಣೆಯಲ್ಲಿ ಇಂಥ ಹಳೆಯ ಪಟವಿದ್ದರೆ, ದಯವಿಟ್ಟು ಅದರ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ.