ತಂದೆಯ ಹೆಸರಿನ ಅಂಕಣ



ಕಳೆದ ತಿಂಗಳು ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಸಾರ್, ನೀವು ನಮಗೆ ಪಾಠ ಮಾಡಿದ ಇತಿಹಾಸದಲ್ಲಿ ಈಗ ತಪ್ಪೆಂದು ತೋರುವುದು ಏನಾದರೂ ಇದೆಯೇ?" ಎಂದು ಕೇಳಿದ. ಕದನಗಳ ಇಸವಿಗಳಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಬಹುದು. ಆದರೆ ಪಾಠದಲ್ಲಲ್ಲ, ಶಾಲೆಯ ಕಚೇರಿಯಲ್ಲಿ ಕುಳಿತು ನಾನು ಮಾಡಿದ ತಪ್ಪೊಂದು ಇತಿಹಾಸವನ್ನು ತಿಳಿಯದೆ ಆದದ್ದು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಬರೆದಿಡುವುದು ಲೇಸೆನಿಸಿದೆ.

1987ರ ಜೂನ್ ತಿಂಗಳು. ಆಗ ನಾನು ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗದ ಒಂದು ಹಳ್ಳಿಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ದಾಖಲಾತಿಯ ದಿನಗಳು. ಮೇಜಿನ ಮೇಲೆ ದಪ್ಪ ದಾಖಲಾತಿ ಪುಸ್ತಕ, ಎದುರಿಗೆ ಮಕ್ಕಳ ಕೈಹಿಡಿದು ನಿಂತ ಪೋಷಕರ ಸಾಲು. ಆರು ವರ್ಷದ ಹುಡುಗನೊಬ್ಬನನ್ನು ಕರೆದುಕೊಂಡು ಆತನ ತಾಯಿ ಬಂದಳು. ಹುಡುಗನ ಹೆಸರು, ಜಾತಿ, ಹುಟ್ಟಿದ ದಿನ ಎಲ್ಲವೂ ಆಯಿತು. "ತಂದೆಯ ಹೆಸರು?" ಎಂದೆ. ಆಕೆ ಒಂದು ಹೆಸರು ಹೇಳಿದಳು. ಪಕ್ಕದಲ್ಲಿದ್ದ ಜವಾನ ನಗುತ್ತ, "ಅದು ಆಕಿ ಅಪ್ಪನ ಹೆಸರು ಸಾರ್, ಹುಡುಗನ ಅಜ್ಜ" ಎಂದ. ನಾನು ತಲೆಯೆತ್ತಿ, "ಅಜ್ಜನ ಹೆಸರಲ್ಲ, ತಂದೆಯ ಹೆಸರು ಹೇಳು. ತಪ್ಪು ಮಾಹಿತಿ ಬರೆಯುವುದಕ್ಕೆ ಇದು ಸಂತೆಯ ಚೀಟಿಯಲ್ಲ, ಸರ್ಕಾರಿ ದಾಖಲೆ" ಎಂದೆ. ಸಾಲಿನಲ್ಲಿದ್ದವರೆಲ್ಲ ಕೇಳುವಷ್ಟು ದನಿಯಲ್ಲಿಯೇ ಹೇಳಿದೆ. ಆಕೆ ಉತ್ತರಿಸಲಿಲ್ಲ. ಹುಡುಗನನ್ನು ಎಳೆದುಕೊಂಡು ಹೊರಟುಹೋದಳು.

ಆ ವರ್ಷ ಹುಡುಗ ಶಾಲೆಗೆ ಬರಲಿಲ್ಲ. ಮರುವರ್ಷ ನಾನು ರಜೆಯಲ್ಲಿದ್ದ ಒಂದು ದಿನ, ಹೊಸದಾಗಿ ಬಂದಿದ್ದ ಶಿಕ್ಷಕಿಯೊಬ್ಬರು ಆಕೆ ಹೇಳಿದ ಹೆಸರನ್ನೇ ಮರುಮಾತಿಲ್ಲದೆ ಬರೆದುಕೊಂಡು ದಾಖಲು ಮಾಡಿಕೊಂಡರು. ನನ್ನ ದೆಸೆಯಿಂದ ಒಂದು ಮಗು ಒಂದು ವರ್ಷ ಕಳೆದುಕೊಂಡಿತ್ತು.

ಇನ್ನು ಇತಿಹಾಸಕ್ಕೆ ಬರುತ್ತೇನೆ. ಆ ತಾಯಿ ಬಸವಿ. ದೇವರ ಹೆಸರಿನಲ್ಲಿ ಬಿಟ್ಟ ಬಸವನಿಗೆ ಒಡೆಯನಿಲ್ಲದಂತೆ, ದೇವರಿಗೆ ಬಿಟ್ಟ ಹೆಣ್ಣಿಗೂ ಗಂಡನಿಲ್ಲವೆಂಬುದು ಆ ಹೆಸರಿನ ಹಿಂದಿರುವ ಭಾವ. ಗಂಡು ಸಂತಾನವಿಲ್ಲದ ಮನೆಯಲ್ಲಿ ಒಬ್ಬ ಮಗಳಿಗೆ ಮುತ್ತು ಕಟ್ಟಿಸಿ ತವರಿನಲ್ಲಿಯೇ ಉಳಿಸಿಕೊಳ್ಳುವುದು ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಬಹುಕಾಲದಿಂದ ನಡೆದುಬಂದ ಪದ್ಧತಿ. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮ, ಉಚ್ಚಂಗಿದುರ್ಗದ ಉಚ್ಚಂಗೆಮ್ಮ ಈ ದೇವತೆಗಳ ಹೆಸರಿನಲ್ಲಿ ಇದು ನಡೆಯುತ್ತಿತ್ತು. ಹೀಗೆ ಬಿಟ್ಟ ಹೆಣ್ಣುಮಕ್ಕಳಲ್ಲಿ ಬಹುಪಾಲು ದಲಿತ ಕುಟುಂಬಗಳವರು. ಬಸವಿ ತಂದೆಯ ಆಸ್ತಿಗೆ ಹಕ್ಕುದಾರಳು, ತಂದೆತಾಯಿಗಳ ಅಂತ್ಯಕ್ರಿಯೆ ಮಾಡುವವಳೂ ಅವಳೇ. ಅವಳಿಗೆ ಹುಟ್ಟಿದ ಮಕ್ಕಳು ಅವಳ ತಂದೆಯ ಮನೆತನಕ್ಕೆ ಸೇರಿದವರು.

ಅಂದರೆ ಆ ದಿನ ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ. ಆಕೆಯ ಲೋಕದ ರೂಢಿಯಂತೆ ಮಗುವಿನ ಮನೆತನದ ಹೆಸರು ಅಜ್ಜನದೇ. ಇತಿಹಾಸ ಕಲಿಸುತ್ತಿದ್ದ ನನಗೆ ಅದು ತಿಳಿದಿರಲಿಲ್ಲ.

ಹಾಗೆಂದು ಈ ಪದ್ಧತಿಯನ್ನು ಹೆಣ್ಣಿನ ಸ್ವಾತಂತ್ರ್ಯವೆಂದು ಹೊಗಳುವುದೂ ಸಲ್ಲದು. ಮಗಳಿಗೆ ಮಗನ ಹಕ್ಕು ಕೊಟ್ಟದ್ದು ನಿಜ. ಅದಕ್ಕೆ ಅವಳ ಬಾಳನ್ನೇ ಬೆಲೆಯಾಗಿ ತೆಗೆದುಕೊಂಡದ್ದೂ ನಿಜ. ಆ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು 2008ರಲ್ಲಿ.

ಆಗ ನಾನು ನಿವೃತ್ತಿಯ ಅಂಚಿನಲ್ಲಿದ್ದೆ. ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಅದೇ ಊರಿಗೆ ಹೋದವನು ಆಕೆಯ ಮನೆಯನ್ನು ಹುಡುಕಿಕೊಂಡು ಹೋದೆ. ಆಕೆ ಗುರುತು ಹಿಡಿದಳು. ಕಟ್ಟೆಯ ಮೇಲೆ ಚಾಪೆ ಹಾಸಿದಳು. ಹಿಂದೆ ಏಕವಚನದಲ್ಲಿ ಗದರಿಸಿದ್ದ ನಾನು, "ಅಮ್ಮಾ, ಅಂದು ನಿಮ್ಮೊಡನೆ ತಪ್ಪಾಗಿ ನಡೆದುಕೊಂಡೆ" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮಾತನಾಡತೊಡಗಿದಳು. ನೆರೆಯ ಇಬ್ಬರು ಹೆಂಗಸರೂ ಬಂದು ಕುಳಿತರು. ಅವರೂ ಮುತ್ತು ಕಟ್ಟಿಸಿಕೊಂಡವರೇ.

"ಮುತ್ತು ಕಟ್ಟುವಾಗ ನನಗ ಹನ್ನೊಂದು ವರ್ಷ ಮಾಸ್ತರ್ರೇ. ಹೊಸ ಸೀರಿ ಉಡಿಸಿದ್ರು, ಹೋಳಿಗಿ ಮಾಡಿದ್ರು. ನನ್ನ ಮದುವಿ ಅಂತನೇ ತಿಳ್ಕೊಂಡಿದ್ದೆ. ಗಂಡು ಎಲ್ಲೈತಿ ಅಂತ ಅವ್ವನ್ನ ಕೇಳಿದೆ. ಅವ್ವ ಅತ್ತಳು, ಹೇಳಲಿಲ್ಲ" ಎಂದಳು. ತಂದೆಯನ್ನು ಆಕೆ ದೂರಲಿಲ್ಲ. ಎರಡು ಎಕರೆ ಒಣಭೂಮಿ ದಾಯಾದಿಗಳ ಪಾಲಾಗಬಾರದು, ಮುಪ್ಪಿನಲ್ಲಿ ಗಂಜಿ ಹಾಕುವ ಕೈಯೊಂದು ಬೇಕು ಎಂಬುದಷ್ಟೇ ಆತನ ಲೆಕ್ಕಾಚಾರವೆಂದಳು. ಆತ ತೀರಿಕೊಂಡಾಗ ಚಿತೆಗೆ ಬೆಂಕಿಯಿಟ್ಟವಳು ಆಕೆಯೇ. "ಆ ದಿನ ಊರ ಮಂದಿ ನನಗ ದಾರಿ ಬಿಟ್ರು. ಉಳಿದ ದಿನ ಬಿಡಲಿಲ್ಲ" ಎಂದಳು.

ನಾನು ಕೇಳಲು ಹಿಂಜರಿಯುತ್ತಿದ್ದುದನ್ನು ಆಕೆಯೇ ಎತ್ತಿದಳು. "ಅಂದು ತಂದಿ ಹೆಸರು ಕೇಳಿದ್ರಲ್ಲ, ನನಗ ಗೊತ್ತಿರಲಿಲ್ಲ ಅಂದ್ಕೊಂಡ್ರೇನು? ಅವರು ಊರಾಗ ಇದ್ರು. ನಿಮ್ಮ ಸಾಲಿ ಸಭೆಗೆ ಬರ್ತಿದ್ರು. ನಿಮ್ಮ ಎದುರಿಗೆ ಕುರ್ಚಿ ಮ್ಯಾಲೆ ಕುಂದರ್ತಿದ್ರು, ನೀವು ಚಾ ತರಿಸಿ ಕೊಡ್ತಿದ್ರಿ. ನಾನು ಆ ಹೆಸರು ಹೇಳಿದ್ರ ನೀವು ಬರ್ಕೊಂತಿದ್ರೇನು?"

ನಾನು ಉತ್ತರಿಸಲಿಲ್ಲ. ಬರೆದುಕೊಳ್ಳುತ್ತಿರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಬಹುಶಃ ಆಕೆಯನ್ನೇ ಗದರಿಸಿ ಕಳಿಸುತ್ತಿದ್ದೆ. ನಿಜ ಹೇಳಿದರೆ ಅಪರಾಧ, ರೂಢಿಯಂತೆ ಹೇಳಿದರೆ ಸುಳ್ಳು, ಹೇಳದಿದ್ದರೆ ಮಗುವಿಗೆ ಶಾಲೆಯಿಲ್ಲ. ಆ ಒಂದು ಅಂಗುಲದ ಅಂಕಣದ ಮುಂದೆ ಆಕೆ ಎಂಥ ಇಕ್ಕಟ್ಟಿನಲ್ಲಿ ನಿಂತಿದ್ದಳೆಂಬುದು ಇಪ್ಪತ್ತೊಂದು ವರ್ಷಗಳ ನಂತರ ನನಗೆ ಅರ್ಥವಾಯಿತು.

ತಾಯ್ತನದ ಬಗ್ಗೆಯೂ ಅವರು ಮುಚ್ಚುಮರೆಯಿಲ್ಲದೆ ಮಾತನಾಡಿದರು. ನಮ್ಮ ಪಠ್ಯಗಳಲ್ಲಿ ತಾಯಿ ಎಂದರೆ ತ್ಯಾಗಮಯಿ ಎಂಬೊಂದೇ ಮಾತು. ಈ ಮೂವರ ಮಾತು ಹಾಗಿರಲಿಲ್ಲ. ಮಗ ಹುಟ್ಟಿದಾಗ ತನಗೆ ಸಂತೋಷಕ್ಕಿಂತ ಮೊದಲು ಆದದ್ದು ಸಮಾಧಾನವೆಂದಳು ಆಕೆ. ಹೆಣ್ಣಾಗಿದ್ದರೆ ಮುತ್ತಿನ ಮಾತು ಮತ್ತೆ ಏಳುತ್ತಿತ್ತು. ಎರಡನೆಯವಳಿಗೆ ಹುಟ್ಟಿದ್ದು ಹೆಣ್ಣು. ಆ ಮಗುವನ್ನು ಎಂಟನೆಯ ವಯಸ್ಸಿಗೆ ದೂರದ ವಿದ್ಯಾರ್ಥಿನಿಲಯಕ್ಕೆ ಸೇರಿಸಿ, ಹಬ್ಬಕ್ಕೂ ಮನೆಗೆ ಕರೆಸಿಕೊಳ್ಳದೆ ಬೆಳೆಸಿದಳಂತೆ. "ಮಗಳು ನನ್ನನ್ನ ಕಲ್ಲು ಮನಸ್ಸಿನಾಕಿ ಅಂತಾಳ. ಅನ್ನಲಿ. ಆಕಿ ಕೊರಳಾಗ ಮುತ್ತು ಇಲ್ಲಲ್ಲ, ಅಷ್ಟು ಸಾಕು" ಎಂದಳು. ಮೂರನೆಯವಳು ವಯಸ್ಸಾದವಳು. ಮದುವೆಮನೆಗಳಲ್ಲಿ ತನ್ನನ್ನು ನಿತ್ಯಮುತ್ತೈದೆಯೆಂದು ಮುಂದೆ ಕರೆಯುತ್ತಿದ್ದರು, ತನ್ನ ಮಗಳ ಮದುವೆಗೆ ಮಾತ್ರ ಒಂದು ಮನೆಯವರೂ ಮುಂದೆ ಬರಲಿಲ್ಲ ಎಂದು ಹೇಳಿ ನಕ್ಕಳು. ಆ ನಗುವಿಗೆ ನಾವು ಯಾರೂ ನಗಲಿಲ್ಲ.

ಮೊದಲನೆಯವಳ ಮಗ ಏಳನೆಯ ತರಗತಿಯಲ್ಲಿದ್ದಾಗ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬಂದು, "ಅವ್ವಾ, ಅಜ್ಜ ಹೆಂಗ ನನಗ ಅಪ್ಪ ಆಗ್ತಾನ?" ಎಂದು ಕೇಳಿದನಂತೆ. ಆಕೆ ಒಂದು ರಾತ್ರಿ ಕೂತು ಎಲ್ಲವನ್ನೂ ಹೇಳಿದಳು. ಹುಡುಗ ಒಂದು ವಾರ ಮಾತು ಬಿಟ್ಟ. ಎಂಟನೆಯ ದಿನ ತಾನಾಗಿಯೇ ಅರ್ಜಿಯಲ್ಲಿ ಅಜ್ಜನ ಹೆಸರನ್ನು ತುಂಬಿದ. "ಅವತ್ತು ನಾನು ತಾಯಿ ಆದೆ ಮಾಸ್ತರ್ರೇ" ಎಂದಳು.

ಇಂಥ ಮಾತುಗಳನ್ನು ಕೇಳಿ ಬಂದವನು ಈ ವಿಷಯದ ಕಾಯಿದೆಗಳನ್ನು ಓದಲಾರಂಭಿಸಿದೆ. ನಮ್ಮ ನಾಡಿನ ಈ ಅಧ್ಯಾಯವನ್ನು ತಿಳಿಯಲು ಏಕೀಕರಣಕ್ಕೆ ಮೊದಲು ಕನ್ನಡನಾಡು ಹಂಚಿಹೋಗಿದ್ದುದನ್ನು ನೆನೆಯಬೇಕು. ಮೈಸೂರು ಸಂಸ್ಥಾನ 1909ರಲ್ಲಿಯೇ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬೈ ಪ್ರಾಂತದಲ್ಲಿದ್ದವು. ಅಲ್ಲಿ 1934ರಲ್ಲಿ ದೇವದಾಸಿ ಸಂರಕ್ಷಣಾ ಕಾಯಿದೆ ಬಂದಿತು. ಬಳ್ಳಾರಿ 1953ರವರೆಗೆ ಮದರಾಸಿಗೆ ಸೇರಿತ್ತು. ಅಲ್ಲಿ ಈ ಹೋರಾಟವನ್ನು ನಡೆಸಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. 1927ರಲ್ಲಿ ಮದರಾಸು ಶಾಸನ ಪರಿಷತ್ತನ್ನು ಪ್ರವೇಶಿಸಿದ ಆಕೆಯ ತಾಯಿ ಚಂದ್ರಮ್ಮಾಳ್ ದೇವದಾಸಿ ಸಮುದಾಯದಲ್ಲಿ ಹುಟ್ಟಿದವರು. ಆ ತಾಯಿಯ ಮಗಳು ಶಾಸನಸಭೆಯಲ್ಲಿ ನಿಂತು ಈ ಮಾತನ್ನೆತ್ತಿದಾಗ ಕೆಲವು ಗಣ್ಯರು ಸಂಪ್ರದಾಯದ ಹೆಸರಿನಲ್ಲಿ ವಿರೋಧಿಸಿದರು. ಕೊನೆಗೂ 1947ರಲ್ಲಿ ಮದರಾಸಿನ ಕಾಯಿದೆ ಆಯಿತು. ಅದು ಬಳ್ಳಾರಿಗೂ ಅನ್ವಯಿಸುತ್ತಿತ್ತು. ನಾನು ಹೇಳುತ್ತಿರುವ ತಾಯಿಗೆ ಮುತ್ತು ಕಟ್ಟಿದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ.

ಆ ಬಳಿಕ ಇಡೀ ರಾಜ್ಯಕ್ಕೆ ಒಂದೇ ಕಾಯಿದೆಯೆಂದು ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಬಂದಿತು. 1982ರಲ್ಲಿ ರೂಪಿಸಿದ ಅದು 1984ರಲ್ಲಿ ಜಾರಿಗೆ ಬಂದಿತು. ಮಗಳನ್ನು ಅರ್ಪಿಸುವ ತಂದೆತಾಯಿಗಳಿಗೆ ಅದರಲ್ಲಿ ಹೆಚ್ಚಿನ ಶಿಕ್ಷೆಯಿತ್ತು. 1993-94ರ ಸಮೀಕ್ಷೆಯಲ್ಲಿ 22,873 ಮಹಿಳೆಯರನ್ನು ಗುರುತಿಸಲಾಯಿತು. 2007-08ರ ಮತ್ತೊಂದು ಸಮೀಕ್ಷೆಯ ನಂತರ ಒಟ್ಟು ಸಂಖ್ಯೆ 46,660ಕ್ಕೆ ಏರಿತು. ನಾನು ಹೋದಾಗ ಆ ಎರಡನೆಯ ಎಣಿಕೆಯ ಸುದ್ದಿಯೇ ಆ ಕೇರಿಯಲ್ಲಿತ್ತು. "ನಮ್ಮನ್ನ ಎಣಿಸ್ಕೊಂಡು ಹೋದ್ರು. ಬಂದು ಹೋದ ಗಂಡಸರನ್ನ ಯಾರೂ ಎಣಿಸಲಿಲ್ಲ" ಎಂದು ಆಕೆ ಹೇಳಿದ ಮಾತು, ಆ ಅಂಕಿಗಳನ್ನು ಓದಿದಾಗಲೆಲ್ಲ ನೆನಪಾಗುತ್ತದೆ.

ಅಂಕಣದ ಕಥೆಯೂ ನಿಧಾನವಾಗಿ ಬದಲಾಯಿತು. ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಂದೆ ಬದುಕಿರುವಾಗಲೂ ತಾಯಿ ಮಗುವಿನ ಸಹಜ ಪೋಷಕಳಾಗಬಲ್ಲಳೆಂದು ವ್ಯಾಖ್ಯಾನಿಸಿತು. 2015ರಲ್ಲಿ ಅದೇ ನ್ಯಾಯಾಲಯ, ಅವಿವಾಹಿತ ತಾಯಿ ತನ್ನ ಮಗುವಿನ ಪೋಷಕತ್ವವನ್ನು ಕೇಳುವಾಗ ತಂದೆಯ ಹೆಸರನ್ನು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದಿತು. 2025ರ ಆಗಸ್ಟ್ ತಿಂಗಳಲ್ಲಿ ನಮ್ಮ ವಿಧಾನಸಭೆ ದೇವದಾಸಿ ಪದ್ಧತಿಯ ಬಗ್ಗೆ ಹೊಸ ಮಸೂದೆಯೊಂದನ್ನು ಅಂಗೀಕರಿಸಿತು. ದೇವದಾಸಿಯರ ಮಕ್ಕಳು ದಾಖಲೆಗಳಲ್ಲಿ ತಂದೆಯ ಹೆಸರನ್ನು ಕೊಡುವುದು ಕಡ್ಡಾಯವಲ್ಲವೆಂದು ಅದರಲ್ಲಿದೆ. ಬಯಸಿದರೆ ತಂದೆ ಯಾರೆಂಬುದನ್ನು ನಿರ್ಣಯಿಸಿಕೊಳ್ಳಲು ಆ ಮಕ್ಕಳಿಗೆ ಅವಕಾಶವೂ ಇದೆ. ಆಕೆ ಕಟ್ಟೆಯ ಮೇಲೆ ಕುಳಿತು ಕೇಳಿದ ಪ್ರಶ್ನೆಯ ಎರಡೂ ಮಗ್ಗುಲುಗಳು ಅದರಲ್ಲಿವೆ.

ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿ ಆಕೆಗೆ ತಿಳಿಸಬೇಕೆಂದುಕೊಂಡೆ. ಆದರೆ ಆಕೆ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಮಗನೊಡನೆ ದೂರವಾಣಿಯಲ್ಲಿ ಮಾತನಾಡಿದೆ. ತನ್ನ ಮಗಳನ್ನು ಶಾಲೆಗೆ ಸೇರಿಸಿದಾಗ ತಾಯಿಯ ಹೆಸರಿಗೂ ಅಲ್ಲಿ ಜಾಗವಿತ್ತು, ಹೆಂಡತಿಯ ಹೆಸರನ್ನು ತಾನೇ ಮೊದಲು ಬರೆಸಿದೆ ಎಂದ. "ಸಾರ್, ಆ ವರ್ಷ ನಾನು ಸಾಲಿಗೆ ಬರದಿದ್ದದ್ದು ಒಳ್ಳೇದೇ ಆಯ್ತು. ಅವ್ವನ ಜೊತಿ ಹೊಲದಾಗ ಒಂದು ವರ್ಷ ಹೆಚ್ಚು ಇದ್ದೆ" ಎಂದ. ನನ್ನನ್ನು ಹಗುರಗೊಳಿಸಲು ಆಡಿದ ಮಾತೆಂದು ಬಲ್ಲೆ. ಆದರೂ ಹಗುರವಾಗಲಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಶಿಕ್ಷಕನಾಗಿದ್ದೆ. ನನ್ನ ಕೈಬರಹದ ದಾಖಲಾತಿ ಪುಸ್ತಕಗಳು ಹಲವು ಶಾಲೆಗಳ ಬೀರುಗಳಲ್ಲಿ ಇನ್ನೂ ಇರಬಹುದು. ನಾಳೆ ಯಾರಾದರೂ ಸಂಶೋಧಕರು ಅವನ್ನು ತೆರೆದರೆ ಸಾವಿರಾರು ತಂದೆಯರ ಹೆಸರುಗಳು ಸಿಕ್ಕಾವು. ಮಕ್ಕಳ ಕೈಹಿಡಿದು ಬಿಸಿಲಿನಲ್ಲಿ ನಿಂತು, ಬುತ್ತಿ ಕಟ್ಟಿ ಕಳಿಸಿ, ಪರೀಕ್ಷೆಯ ಶುಲ್ಕಕ್ಕೆ ಸೆರಗಿನ ಗಂಟು ಬಿಚ್ಚಿದವರ ಹೆಸರು ಒಂದೂ ಸಿಗಲಾರದು. ನಾನು ಕೇಳಲಿಲ್ಲ, ಆದ್ದರಿಂದ ಬರೆಯಲಿಲ್ಲ. ನಿಮ್ಮಲ್ಲಿ ಹಲವರ ತಾಯಂದಿರ ಹೆಸರು ನನಗೆ ಇಂದಿಗೂ ತಿಳಿಯದು. ಅದಕ್ಕಾಗಿ ನಿಮ್ಮ ಕ್ಷಮೆಯನ್ನೂ ಕೇಳುತ್ತೇನೆ.

ಕಟ್ಟೆಯಿಂದ ಏಳುವಾಗ, "ಇದನ್ನೆಲ್ಲ ಎಂದಾದರೂ ಬರೆಯಬಹುದೇ?" ಎಂದು ಆಕೆಯನ್ನು ಕೇಳಿದ್ದೆ. "ಬರೀರಿ. ಹೆಸರು ಮಾತ್ರ ಬ್ಯಾಡ, ಮೊಮ್ಮಕ್ಕಳಿಗೆ ತೊಂದರಿ ಆದೀತು" ಎಂದಿದ್ದಳು. ಆ ಮಾತಿನಂತೆ ಇಲ್ಲಿಯೂ ಬರೆದಿಲ್ಲ. ಹೊರಡುವ ಮುನ್ನ ಆಕೆಯ ಹೆಸರನ್ನು ಕೇಳಿಕೊಂಡಿದ್ದೆ. ಆಕೆ ಹೇಳಿದಳು. ನೆನಪಿದೆ.