ಮಿರಿಂಜೆ ನಾಡಿನಿಂದ ಸಾಂಗ್ಲಿ ಜಿಲ್ಲೆಯವರೆಗೆ: ಆಳಿದವರು, ನೆಲೆಸಿದವರು

ಶಿಲಾಹಾರರ ಕಾಲದಲ್ಲಿ ಮಿರಜ ಪಟ್ಟಣ ಮಿರಿಂಜೆ ಮೂರುಸಾವಿರ ನಾಡಿನ ಕೇಂದ್ರವಾಗಿತ್ತು. ಕೊಲ್ಲಾಪುರದ ಈ ಅರಸರು ಮೊದಲು ಕಲ್ಯಾಣದ ಚಾಳುಕ್ಯರ ಸಾಮಂತರಾಗಿದ್ದವರು. 12ನೆಯ ಶತಮಾನದ ಮಿರಜ ಶಾಸನ ಕನ್ನಡದಲ್ಲಿದ್ದು, ವೀರಬಣಂಜು ವರ್ತಕರ ದತ್ತಿಯನ್ನು ದಾಖಲಿಸುತ್ತದೆ. ಕೃಷ್ಣಾ ಬಯಲಿನ ಜೈನ ಮತ್ತು ಲಿಂಗಾಯತ ಒಕ್ಕಲುಗಳ ಹಿನ್ನೆಲೆ ಅರಿಯಲು ಇಂಥ ಶಾಸನಗಳೇ ಮೊದಲ ಆಧಾರ.

13ನೆಯ ಶತಮಾನದ ಆರಂಭದಲ್ಲಿ ಸೇವುಣರ ಸಿಂಘಣ ಶಿಲಾಹಾರರ ಆಳ್ವಿಕೆಯನ್ನು ಕೊನೆಗೊಳಿಸಿದ. ಮುಂದೆ ಬಹಮನಿ ಸುಲ್ತಾನರು, ಅವರ ನಂತರ ವಿಜಯಪುರದ ಆದಿಲಶಾಹಿಗಳು ಮಿರಜ ಕೋಟೆಯನ್ನು ಆಳಿದರು. 1660ರಲ್ಲಿ ಶಿವಾಜಿ ಮುತ್ತಿಗೆ ಹಾಕಿದರೂ ಕೋಟೆ ಕೈವಶವಾಗಲಿಲ್ಲ. ಮೊಗಲರ ಕೈಗೆ ಹೋದ ಅದನ್ನು 1739ರಲ್ಲಿ ಮರಾಠರ ದೊರೆ ಶಾಹು ಗೆದ್ದುಕೊಂಡ.

1760ರ ದಶಕದಲ್ಲಿ ಪೇಶ್ವೆಗಳಿಂದ ಮಿರಜ ಜಹಗೀರು ಪಡೆದ ಪಟವರ್ಧನರು ಕೊಂಕಣ ಮೂಲದ ಚಿತ್ಪಾವನರು. ಮನೆತನದೊಳಗಿನ ವ್ಯಾಜ್ಯದಿಂದಾಗಿ ಚಿಂತಾಮಣರಾವ್ 1801ರಲ್ಲಿ ಬೇರೆಯಾಗಿ ಸಾಂಗ್ಲಿಯನ್ನು ರಾಜಧಾನಿ ಮಾಡಿಕೊಂಡ. ಪಟವರ್ಧನರ ಈ ಸಂಸ್ಥಾನಗಳ ನೆಲ ಒಂದೇ ಕಡೆ ಇರಲಿಲ್ಲ ಎಂಬುದು ಇಲ್ಲಿ ಮಹತ್ವದ ಸಂಗತಿ. ಶಹಾಪುರ, ತೇರದಾಳ, ಶಿರಹಟ್ಟಿ ಸಾಂಗ್ಲಿಗೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜ ಮನೆತನದ ಹಿರಿಯ ಶಾಖೆಗೆ, ಗುಡಗೇರಿ ಕಿರಿಯ ಶಾಖೆಗೆ. ಶಿರಹಟ್ಟಿಯ ಕನ್ನಡ ರೈತ ತನ್ನ ಕಂದಾಯದ ತಕರಾರನ್ನು ಮರಾಠಿ ದಫ್ತರದ ಮುಂದೆ ಇಡಬೇಕಿತ್ತು. ಸಂಸ್ಥಾನಗಳ ಚರಿತ್ರೆಯನ್ನು ಅರಮನೆಗಳ ಕಥೆಯಾಗಿಯೇ ಬರೆದವರು ಈ ರೈತನತ್ತ ಸಾಕಷ್ಟು ನೋಡಿಲ್ಲ.

ಈ ನೆಲದಲ್ಲಿ ಕಲೆಗಳ ಕೊಡುಕೊಳ್ಳುವಿಕೆಯೂ ದೊಡ್ಡದು. ಉತ್ತರ ಕನ್ನಡದ ಭಾಗವತ ಮೇಳದ ಆಟಗಳನ್ನು ಸಾಂಗ್ಲಿಯಲ್ಲಿ ಕಂಡ ಚಿಂತಾಮಣರಾವ್, ಮರಾಠಿಯಲ್ಲೂ ಅಂಥ ಪ್ರಯೋಗ ಆಗಲೆಂದು ವಿಷ್ಣುದಾಸ ಭಾವೆಯವರಿಗೆ ಸೂಚಿಸಿದ; 1843ರ ‘ಸೀತಾ ಸ್ವಯಂವರ’ ನಾಟಕ ಹುಟ್ಟಿದ್ದು ಹೀಗೆ. ಮಿರಜದಲ್ಲಿ ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮುಸ್ಲಿಮರು ಯುದ್ಧಗಳು ನಿಂತ ಮೇಲೆ ಸೋರೆಬುರುಡೆಯಿಂದ ಸಿತಾರ್, ತಂಬೂರಿ ಮಾಡುವ ಕಸುಬಿಗೆ ಇಳಿದರು. ಕಿರಾನಾ ಘರಾನೆಯ ಗಾಯಕ ಅಬ್ದುಲ್ ಕರೀಂ ಖಾನರು ಇದೇ ಊರಿನಲ್ಲಿ ನೆಲೆಸಿದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದು ಮೀರಾಸಾಹೇಬ ದರ್ಗಾದ ಆವರಣದಲ್ಲಿ.

1948ರ ಮಾರ್ಚ್‌ನಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಧಾರವಾಡ ಜಿಲ್ಲೆಗೂ ಶಹಾಪುರ ಬೆಳಗಾವಿಗೂ ಸೇರಿ, 1956ರಲ್ಲಿ ಆಗಿನ ಮೈಸೂರು ರಾಜ್ಯಕ್ಕೆ ಬಂದವು. 1949ರಲ್ಲಿ ರಚನೆಯಾದ ದಕ್ಷಿಣ ಸಾತಾರಾ ಜಿಲ್ಲೆಗೆ 1960ರಲ್ಲಿ ಸಾಂಗ್ಲಿ ಎಂದು ಹೆಸರಾಯಿತು. ಡಫಳೆ ಮನೆತನ ಆಳಿದ ಜತ್ತ ಸಂಸ್ಥಾನವೂ ಇದೇ ಜಿಲ್ಲೆಯ ಪಾಲಾಯಿತು. ಆ ತಾಲೂಕಿನ ಉಮದಿ, ಸಂಖ ಮೊದಲಾದ ಊರುಗಳಲ್ಲಿ ಇಂದಿಗೂ ಕನ್ನಡ ಮನೆಮಾತಾಗಿದೆ. ಅಲ್ಲಿಯ ಕನ್ನಡ ಶಾಲೆಗಳು ನಡೆಯುತ್ತಿರುವುದು ಮಹಾರಾಷ್ಟ್ರದ ಆಡಳಿತದಡಿ.