ಅಮೆರಿಕಾ ಲಾರಿಗಳೂ ನಮ್ಮ ತೊಪ್ಪೂರು ಕಣಿವೆಯೂ

"ಆಗಿನ ಕಬ್ಬಿಣವೇ ಬೇರೆ ಕಣಪ್ಪಾ" ಅಂತ ನಮ್ಮೂರ ಅರಳಿಕಟ್ಟೆಯಲ್ಲಿ ಈಗಲೂ ಹೇಳುತ್ತಾರೆ. ಡಾಡ್ಜ್, ಫಾರ್ಗೋ, ಷೆವರ್ಲೆ ಅಂದರೆ ಸಾಕು, ಹಳಬರ ಮುಖ ಅರಳುತ್ತೆ. ಚಿಕ್ಕವನಿದ್ದಾಗ ಅವುಗಳ ಹಿಂದೆ ಓಡಿದವನೇ ನಾನೂ.

1928ರಲ್ಲಿ ಜನರಲ್ ಮೋಟಾರ್ಸ್‌ನವರು ಬೊಂಬಾಯಿಯಲ್ಲಿ ಷೆವರ್ಲೆ ಜೋಡಿಸತೊಡಗಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಲಾರಿಗಳು ಹರಾಜಿಗೆ ಬಂದವು. 1947ರಿಂದ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಡಾಡ್ಜ್, ಫಾರ್ಗೋ ಎರಡನ್ನೂ ಬಿಟ್ಟಿತು. ಗಾಡಿ ಒಂದೇ, ಹಣೆಯ ಮೇಲಿನ ಹೆಸರು ಬೇರೆ. ಆಗ ಧರ್ಮಪುರಿಯೂ ಸೇಲಂ ಜಿಲ್ಲೆಯೇ. ಬೇರೆ ಆದದ್ದು 1965ರಲ್ಲಿ.

ಗಟ್ಟಿ ಇದ್ದದ್ದು ನಿಜ. ಎರಡು ಉದ್ದದ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ, ಏಣಿ ಮಲಗಿಸಿದ ಹಾಗೆ. ಅದೇ ಚಾಸಿ. ಲಾರಿಗೆ ಮರದ ಬಾಡಿ ಕಟ್ಟುತ್ತಿದ್ದವರು ನಮ್ಮ ಕಡೆಯ ಆಚಾರಿಗಳೇ. ಹಲಗೆ ಹೋದರೆ ಹಲಗೆ ಹಾಕಿದರಾಯ್ತು. ಇಂಜಿನ್ ಸವೆದರೆ ಸಿಲಿಂಡರ್ ಕೊರೆದು ಒಂದು ಸೈಜು ದೊಡ್ಡ ಪಿಸ್ಟನ್ ಹಾಕೋರು. ಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಇದ್ದಿಲು ಗ್ಯಾಸಿನಲ್ಲೂ ಓಡಿದವು! ಪೆಟ್ರೋಲ್ ಖರ್ಚು ತಡೆಯಲಾರದೆ ಆಮೇಲೆ ಎಷ್ಟೋ ಜನ ಆ ಇಂಜಿನ್ನನ್ನೇ ಇಳಿಸಿ, ಮದರಾಸಿನ ಸಿಂಪ್ಸನ್ನವರ ಪರ್ಕಿನ್ಸ್ ಡೀಸೆಲ್ ಇಂಜಿನ್ ಕೂರಿಸಿದರು. ಬಾಡಿ ನಮ್ಮದು, ಇಂಜಿನ್ ಮದರಾಸಿನದು, ಉಳಿದ ಅಮೆರಿಕಾ ಅಂದರೆ ಚಾಸಿ. ಹಾಗಾಗಿ ಗಾಡಿ ಬಾಳಿತು ಅನ್ನೋ ಹೊಗಳಿಕೆಯಲ್ಲಿ ಅರ್ಧ ನಮ್ಮ ಮೆಕ್ಯಾನಿಕ್ಕುಗಳಿಗೆ ಸಲ್ಲಬೇಕು ಅಂತ ನನ್ನ ವಾದ.

ಇನ್ನೊಂದು ಮಾತು ಕಟ್ಟೆಯಲ್ಲಿ ಯಾರೂ ಎತ್ತೋದಿಲ್ಲ. ನನ್ನ ಸೋದರಮಾವ ಅಂಥ ಹಳೇ ಲಾರಿ ಓಡಿಸೋರು. ಕಂಪೆನಿ ಹೆಸರು ಇಲ್ಲಿ ಬೇಡ. ನಿದ್ದೆ ಬರದಿರಲಿ ಅಂತ ರಾತ್ರಿಯೆಲ್ಲಾ ಪದ ಹೇಳಿಕೊಂಡು ಹೋಗೋರು; ನನಗೆ ಮೊದಲ ಪದ ಕಲಿಸಿದ್ದೂ ಅವರೇ. ಹುಣಸೆಹಣ್ಣು ತುಂಬಿಕೊಂಡು ಸೇಲಂಗೆ ಇಳಿಯುವಾಗ ತೊಪ್ಪೂರು ಕಣಿವೆಯಲ್ಲಿ ಬ್ರೇಕ್ ನಿಲ್ಲಲಿಲ್ಲ. ಬಂಡೆಗೆ ಹೊಡೆಯಿತು. ಮುಂದಿನ ಕಬ್ಬಿಣ ಹೆಚ್ಚು ಬಗ್ಗಲಿಲ್ಲ. ಅದು ಬಗ್ಗಿ ತಿನ್ನಬೇಕಾದ ಪೆಟ್ಟು ಮಾವನ ಎದೆಗೆ ಬಿತ್ತು, ಸ್ಟೇರಿಂಗ್ ಕಂಬದ ಮೂಲಕ. ಎರಡು ತಿಂಗಳಲ್ಲಿ ಲಾರಿ ಮತ್ತೆ ರೋಡಿಗೆ ಬಂತು. ಮಾವ ಬರಲಿಲ್ಲ.

ಅಮೆರಿಕಾದವರೇ 1968ರಿಂದ ಹೊಸ ಕಾರುಗಳಿಗೆ ಸೀಟ್ ಬೆಲ್ಟನ್ನೂ, ಪೆಟ್ಟು ಬಿದ್ದಾಗ ಕುಗ್ಗೋ ಸ್ಟೇರಿಂಗ್ ಕಂಬವನ್ನೂ ಕಡ್ಡಾಯ ಮಾಡಿದರು. ಈಗಿನ ಕಾರಿನ ಮೂತಿ ನಜ್ಜುಗುಜ್ಜಾದರೆ "ತಗಡು ಡಬ್ಬಿ" ಅಂತ ನಗುತ್ತೇವಲ್ಲ, ಅದನ್ನ ಹಾಗೆ ನಜ್ಜಾಗಲಿ ಅಂತಲೇ ಮಾಡಿರೋದು.

ಮಾವನ ಲಾರಿ ಗುಜರಿಗೆ ಬಿದ್ದಾಗ ನಮ್ಮಪ್ಪ ಚಾಸಿಯ ಒಂದು ತೊಲೆ ಕೊಂಡು ತಂದರು. ನಮ್ಮ ಬಾವಿಯ ಮೇಲೆ ಅಡ್ಡ ಹಾಕಿದೆ. ರಾಟೆ ಕಟ್ಟಿರೋದು ಅದಕ್ಕೇ.